ಬೆನ್ನು ಬೀದಿಗೆ, ಮುಖ ಮನೆಯೊಳಕ್ಕೆ

ಒಂದು ಒಗಟು ಹೇಳ್ತೀನಿ, ಬಿಡಿಸಿ. ಹಳದಿ ಬಂದು ಕಪ್ಪಿನ ಪಕ್ಕ ಕೂತರೆ, ಇಬ್ಬರಲ್ಲಿ ಯಾರು ಮೊದಲು ಬಾಯಿ ಬಿಡ್ತಾರೆ?

ಗೊತ್ತಾಗಲಿಲ್ವಾ? ತಲೆ ಕೆರೆದುಕೊಳ್ಳಬೇಡಿ, ಕೂದಲು ಉದುರಿದರೆ ನನ್ನನ್ನೇ ಬೈತೀರಿ. ಉತ್ತರ ನನಗೂ ಗೊತ್ತಿಲ್ಲ. ಉತ್ತರ ಇಲ್ಲದ್ದನ್ನ ನಾಲ್ಕು ಜನರ ಮುಂದೆ ಇಡಬಾರದು ಅಂತ ನಮ್ಮ ಕಡೆ ಕಾನೂನೇನೂ ಇಲ್ಲವಲ್ಲ. ಆದರೆ ಅಂಥ ಕಾನೂನು ಇದ್ದ ಊರೊಂದಿತ್ತು.

ಆ ಊರು ಎಲ್ಲಿದೆ ಅಂತ ಮಾತ್ರ ಕೇಳಬೇಡಿ, ಭೂಪಟ ಬಿಡಿಸಿದರೆ ನನಗೆ ಸಮುದ್ರ ಯಾವುದು ನೆಲ ಯಾವುದು ಅಂತಲೇ ತಿಳಿಯೋದಿಲ್ಲ. ಬಹಳ ಮೇಲೆ, ಬಹಳ ಚಳಿಯಲ್ಲಿ ಇತ್ತು. ಮರದ ಮನೆಗಳು. ನೆತ್ತಿಯ ಮೇಲೆ ಈರುಳ್ಳಿ ಕೂರಿಸಿಕೊಂಡ ಹಾಗೆ ಕಾಣುವ ಗುಡಿ ಗೋಪುರಗಳು. ನಡುವೆ ಒಂದು ನದಿ. ಬೇಸಿಗೆ ಅನ್ನೋದು ನೆಂಟರ ಹಾಗೆ ಬಂದು, ಚಪ್ಪಲಿ ಬಿಡೋಕೆ ಮುಂಚೆಯೇ ಹೊರಟುಬಿಡುತ್ತಿತ್ತು. ಆಮೇಲೆ ಹಿಮ. ಹಿಮ ಬೀಳುತ್ತಿತ್ತು, ಬಿದ್ದ ಹಿಮದ ಮೇಲೆ ಹಿಮ ಬೀಳುತ್ತಿತ್ತು, ಅದರ ಮೇಲೂ ಬೀಳುತ್ತಿತ್ತು. ನೆಲ ಬಿಳಿ, ಆಕಾಶ ಬಿಳಿ, ಕೊನೆಗೆ ಜನರ ಹುಬ್ಬೂ ಬಿಳಿ. ಅದಕ್ಕೇ ಇರಬೇಕು, ಆ ಊರಿನವರಿಗೆ ಬಣ್ಣದ ಹಸಿವು. ಪ್ರತಿ ಮನೆಯ ಮುಂಗೋಡೆಯ ಮೇಲೂ ಹಲಗೆಯ ಮೇಲೆ ಬರೆದ ಚಿತ್ರ ನೇತಾಡಬೇಕು.

ಆದರೆ ಸುಮ್ಮಸುಮ್ಮನೆ ನೇತುಹಾಕುವ ಹಾಗಿರಲಿಲ್ಲ. ನದಿ ಹೆಪ್ಪುಗಟ್ಟಿ ಕುದುರೆಗಾಡಿ ತಡೆಯುವಷ್ಟು ಗಟ್ಟಿಯಾದ ದಿನ ಗಂಟೆ ಬಾರಿಸುತ್ತಿದ್ದರು. ಅದು ಕೇಳುವ ದಿನ. ಊರೆಲ್ಲ ನದಿಯ ಮೇಲೆ ನಿಲ್ಲುತ್ತಿತ್ತು. ಚಿತ್ರ ಬರೆಯುವವರು ತಮ್ಮ ಹಲಗೆಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿಯುತ್ತಿದ್ದರು. ತೋಳದ ಚರ್ಮದ ಕೋಟು ತೊಟ್ಟ ಕೇಳುವವನು ಮುಂದೆ ಬಂದು ಕೇಳುತ್ತಿದ್ದ:

"ಇದು ಏನು?"

"ಕುದುರೆ," ಅನ್ನುತ್ತಿದ್ದ ಚಿತ್ರ ಬರೆದವನು.

"ಹೌದು, ಅದೇ!" ಅನ್ನುತ್ತಿತ್ತು ಊರು.

ಅಷ್ಟು ಹೇಳಿದರೆ ಕುದುರೆ ಬೀದಿಗೆ ಮುಖ ಮಾಡಿ ಗೋಡೆ ಏರುತ್ತಿತ್ತು. ಕುದುರೆ, ಹೌದು ಅದೇ. ಸಂತ, ಹೌದು ಅದೇ. ಮೀನು, ಹೌದು ಅದೇ. ಯಾವ ಚಿತ್ರಕ್ಕೆ ಹೆಸರು ಬರಲಿಲ್ಲವೋ ಅದನ್ನು ಊರ ಬಡಗಿ ಕಿತ್ತುಕೊಂಡು ಹೋಗುತ್ತಿದ್ದ. ಆ ಊರಿನ ಗಾಳಿಗೆ ಕಿಟಕಿಯ ಗಾಜು ಒಡೆಯುವುದೇ ಕೆಲಸ. ಯಾರ ಮನೆಯ ಗಾಜು ಒಡೆದಿದೆಯೋ ಆ ಮನೆಯ ಕಿಟಕಿಗೆ ಆ ಹಲಗೆಯನ್ನು ಅಡ್ಡ ಇಟ್ಟು ಮೊಳೆ ಹೊಡೆಯುತ್ತಿದ್ದ. ಬೋಳು ಬೆನ್ನು ಬೀದಿಗೆ, ಬಣ್ಣದ ಮುಖ ಮನೆಯೊಳಕ್ಕೆ. ಬೀದಿಯ ಮಾನ ಉಳಿಯಿತು, ಮನೆಯೊಳಗಿನ ಚಳಿಯೂ ನಿಂತಿತು ಅಂತ ಊರಿನ ಹಿರಿಯರಿಗೆ ಸಮಾಧಾನ. ಎಂಥ ಬುದ್ಧಿವಂತರು ನೋಡಿ. ಶಿಕ್ಷೆ ಕೊಟ್ಟು ಒಳಗೆ ಕರೆದು ಒಲೆಯ ಪಕ್ಕ ಕೂರಿಸಿದರು.

ಈಗ ಹುಡುಗಿ ಬರುತ್ತಾಳೆ.

ಆ ಊರಲ್ಲಿ ಹೆಣ್ಣುಮಕ್ಕಳು ಬಣ್ಣ ಅರೆಯಬಹುದಿತ್ತು, ಹಚ್ಚುವ ಹಾಗಿರಲಿಲ್ಲ. ಹುಡುಗಿ ಸಂತರ ಚಿತ್ರ ಬರೆಯುವ ಮುದುಕನ ಮನೆಯಲ್ಲಿ ಮೊಟ್ಟೆ ಒಡೆದು, ಹಳದಿ ಬೇರೆ ಮಾಡಿ, ಅದರಲ್ಲಿ ಬಣ್ಣದ ಪುಡಿ ಕಲಸಿ ಕೊಡುತ್ತಿದ್ದಳು. ಮುದುಕ ಕುಂಚ ಅದ್ದುತ್ತಿದ್ದ, ಸಂತನ ಮೂಗು ತಿದ್ದುತ್ತಿದ್ದ, ಮಿಕ್ಕ ಬಣ್ಣವನ್ನು ಪಕ್ಕದ ಹಲಗೆಗೆ ಒರೆಸುತ್ತಿದ್ದ. ಹುಡುಗಿ ಸಂತನನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣೆಲ್ಲ ಒರೆಸುವ ಹಲಗೆಯ ಮೇಲೆ.

"ಅಜ್ಜಾ, ಕೆಂಪು ಯಾಕೆ ನನ್ನ ಕಡೆಗೆ ನಡೆದು ಬರುತ್ತೆ?"

"ಮೊಟ್ಟೆ ಒಡಿ."

"ನೀಲಿ ಯಾಕೆ ಹಿಂದಕ್ಕೆ ಹೋಗುತ್ತೆ? ಬೈದೆಯಾ ಅದಕ್ಕೆ?"

"ಮೊಟ್ಟೆ ಒಡಿಯೇ ತಾಯಿ, ಒಣಗ್ತಾ ಇದೆ."

"ಅಜ್ಜಾ, ಸಂತ ಕೂತಲ್ಲೇ ಕೂತಿದ್ದಾನೆ. ನೀನು ಕುಂಚ ಒರೆಸಿದ ಹಲಗೆ ನೋಡು, ಅದರೊಳಗೆ ಯಾರೋ ಓಡಾಡ್ತಿದ್ದಾರೆ."

ಮುದುಕ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಆ ಹಲಗೆಯ ಮೇಲೆ ಬಟ್ಟೆ ಮುಚ್ಚಿ, "ಇದನ್ನ ಯಾರ ಹತ್ತಿರಾನೂ ಹೇಳಬೇಡ," ಅಂದ. ಹೇಳಬೇಡ ಅಂದರೆ ಏನು ಅರ್ಥ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವನೂ ಕಂಡಿದ್ದ.

ಮುದುಕನ ಕೈ ನಡುಗಲು ಶುರುವಾದ ಮೇಲೆ ಬಾಗಿಲು ಹಾಕಿಕೊಂಡು ಸಂತರ ನಿಲುವಂಗಿಗಳನ್ನು ಅವಳ ಕೈಯಿಂದ ಬರೆಸಿದ. ನಿಲುವಂಗಿ ದೊಡ್ಡದಾಗುತ್ತಾ ಹೋಯಿತು. ಕೆಂಪು ಹಿಗ್ಗಿತು, ಮಡಿಕೆಗಳು ಮೂಲೆಗಳಾದವು, ಮೂಲೆಗಳು ಒಂದನ್ನೊಂದು ತಳ್ಳಿದವು. ಒಂದು ದಿನ ನೋಡಿದರೆ ಹಲಗೆ ತುಂಬ ನಿಲುವಂಗಿ. ಸಂತ ಎಲ್ಲೂ ಇಲ್ಲ.

"ಎಲ್ಲೇ ಹೋದ ದೇವರಂಥವನು?" ಅಂದ ಮುದುಕ.

"ಜಾಗ ಕೊಟ್ಟು ಎದ್ದು ಹೋದ ಅಜ್ಜಾ. ಒಳ್ಳೆಯವನು."

ಮುದುಕ ನಕ್ಕ. ನಕ್ಕು ಕುಂಚಗಳನ್ನೆಲ್ಲ ಅವಳ ಮಡಿಲಿಗೆ ಹಾಕಿದ. ಆ ಚಳಿಗಾಲ ದಾಟಲಿಲ್ಲ ಅವನು.

ಮುಂದಿನ ಕೇಳುವ ದಿನ ಅವಳು ನದಿಯ ಮೇಲೆ ಬಂದು ನಿಂತಳು. ಹೆಂಗಸು ಹಲಗೆ ಹಿಡಿದು ಬಂದದ್ದನ್ನು ನೋಡಿಯೇ ಅರ್ಧ ಊರಿಗೆ ಕೆಮ್ಮು ಬಂತು. ಬಂದವಳನ್ನು ಓಡಿಸಿ ಅಂತ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ, ಯಾಕೆಂದರೆ ಬರುತ್ತಾಳೆ ಅಂತ ಯಾರೂ ಅಂದುಕೊಂಡೇ ಇರಲಿಲ್ಲ. ಅವಳು ಹಲಗೆ ಎತ್ತಿದಳು. ಒಂದು ಕೆಂಪು ಮೂಲೆ. ಅದರ ಕೆಳಗೆ ನುಗ್ಗುವ ಕಪ್ಪು ಪಟ್ಟೆ. ಓರೆಯಾಗಿ, ಈಗಲೋ ಆಗಲೋ ಜಾರುವ ಹಾಗೆ ಒಂದು ಹಳದಿ. ಅಷ್ಟೇ.

"ಇದು ಏನು?"

"ನೋಡಿ," ಅಂದಳು.

"ನೋಡ್ತಾ ಇದ್ದೀನಿ. ಏನು ಅಂತ ಕೇಳಿದೆ."

"ಅದಕ್ಕೇ ಹೇಳಿದ್ದು. ನೋಡಿ."

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬೀದಿಯ ಕುದುರೆಗಳನ್ನೆಲ್ಲ ಬರೆದ ಕುದುರೆಯವನು ಮುಂದೆ ಬಂದು, "ಅಕ್ಕಾ, ನಿನ್ನ ಚಿತ್ರಕ್ಕೆ ಕಾಲು ಎಲ್ಲಿ?" ಅಂದ.

"ನಿನ್ನ ಕುದುರೆಗೆ ನಾಲ್ಕಿವೆಯಲ್ಲ, ಯಾವತ್ತಾದರೂ ಒಂದು ಹೆಜ್ಜೆ ಕಿತ್ತಿಟ್ಟಿದೆಯೇನಪ್ಪ?" ಅಂದಳು ಅವಳು.

ಈಗ ಊರು ಅವನನ್ನು ನೋಡಿ ನಕ್ಕಿತು. ಆದರೆ ಕಾನೂನು ನಗಲಿಲ್ಲ. ಬಡಗಿ ಬಂದ, ಹಲಗೆ ಕಿತ್ತುಕೊಂಡ. ರೊಟ್ಟಿ ಸುಡುವವಳ ಅಡುಗೆಮನೆಯ ಗಾಜು ಹಿಂದಿನ ವಾರವಷ್ಟೇ ಒಡೆದಿತ್ತು. ಟಕ್, ಟಕ್, ಟಕ್. ಬೆನ್ನು ಬೀದಿಗೆ, ಮುಖ ಮನೆಯೊಳಕ್ಕೆ.

ಅವಳು ಶಿಳ್ಳೆ ಹಾಕುತ್ತಾ ಮನೆಗೆ ಹೋಗಿ ಇನ್ನೊಂದು ಹಲಗೆ ಉಜ್ಜಿದಳು.

ವರ್ಷಗಳು ಹೀಗೇ ಹೋದವು. ನದಿ ಹೆಪ್ಪುಗಟ್ಟುತ್ತಿತ್ತು, ಗಂಟೆ ಹೊಡೆಯುತ್ತಿತ್ತು, ಅವಳು ಹಲಗೆ ಎತ್ತುತ್ತಿದ್ದಳು. ಇದು ಏನು? ನೋಡಿ. ಟಕ್, ಟಕ್, ಟಕ್. ಒಂದು ವರ್ಷ ಹಸಿರು ಗೀಟೊಂದು ಬಿಳಿಯನ್ನು ಸೀಳಿಕೊಂಡು ಬಂತು. ಒಂದು ವರ್ಷ ಚಕ್ರಗಳು, ಒಂದರೊಳಗೊಂದು ಹೊಕ್ಕು ತಿರುಗುವಂಥವು. ಒಂದು ವರ್ಷ ಬರೀ ಓರೆ ಗೆರೆಗಳು, ಗಾಳಿಗೆ ಮೈಯಿದ್ದರೆ ಹೀಗೆ ಇರುತ್ತಿತ್ತು ಅನ್ನಿಸುವ ಹಾಗೆ. ಒಂದೇ ಕೇಳುವ ದಿನಕ್ಕೆ ಒಂದು ಕಟ್ಟು ಹಲಗೆ ಹೊತ್ತು ತಂದದ್ದೂ ಉಂಟು. ಗಾಳಿಯೂ ಅವಳ ಪರವಾಗಿಯೇ ಇತ್ತೋ ಏನೋ, ಗಾಜು ಒಡೆಯುತ್ತಲೇ ಇತ್ತು.

ತಾಯಿ ಅವಳ ಕೈ ಹಿಡಿದುಕೊಂಡು, "ಹಸು ಅಂದುಬಿಡೇ ಮಗಳೇ. ಒಂದು ಮಾತು. ಹಸು ಅಂದರೆ ಯಾರೇನು ಬಾಲ ಎಣಿಸ್ತಾರಾ?" ಅನ್ನುತ್ತಿದ್ದಳು.

"ಹಸು ಅಂದ ಕೂಡಲೇ ನೋಡೋದು ಬಿಟ್ಟುಬಿಡ್ತಾರಮ್ಮ. ಹಸು ಅಲ್ಲವಾ, ಸರಿ, ಅಂತ ಮನೆಗೆ ಹೋಗ್ತಾರೆ."

"ಹೋಗಲಿ ಬಿಡು! ಬೀದಿಗೆ ಮುಖ ಮಾಡಿ ನಿನ್ನದೊಂದು ಇದ್ದರೆ ನಾನು ಅದರ ಕೆಳಗೆ ನಿಂತು ಕಡಲೆ ತಿನ್ನಬಹುದಲ್ಲೇ!"

ಅವಳು ತಾಯಿಯನ್ನು ತಬ್ಬಿಕೊಂಡಳು. ಹಸು ಅನ್ನಲಿಲ್ಲ.

ಊರ ನಾಟಕದವರು ಒಮ್ಮೆ ಅವಳಿಂದ ಪರದೆ ಬರೆಸಿದರು. ಪರದೆಗೆ ಹೆಸರು ಕೇಳುವ ಪದ್ಧತಿ ಇರಲಿಲ್ಲ. ಪರದೆ ಇಳಿಯಿತು, ರಾಜನ ಪಾರ್ಟಿನವನು ಮಾತು ಹೇಳಲು ಬಂದು, ಜನಕ್ಕೆ ಬೆನ್ನು ತಿರುಗಿಸಿ ಪರದೆ ನೋಡುತ್ತಾ ನಿಂತುಬಿಟ್ಟ. ರಾಣಿ ಬಂದು ಕರೆದಳು, ಅವಳೂ ನಿಂತಳು. ನಾಟಕ ಅಲ್ಲಿಗೆ ಮುಗಿಯಿತು. ಜನ ಮಾತ್ರ ಎದ್ದು ಹೋಗಲಿಲ್ಲ.

ಕೇಳುವವನು ಮರುದಿನವೇ ಪರದೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿಸಿದ. ಅವಳಿಗೆ ಹಲಗೆ ಕೊಡಬಾರದು, ಬಟ್ಟೆ ಕೊಡಬಾರದು ಅಂತ ಅಂಗಡಿಗಳಿಗೆ ಹೇಳಿಕಳಿಸಿದ.

ಅವಳೇನು ಮಾಡಿದಳು ಗೊತ್ತಾ? ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದೇ. ತನ್ನ ಮುಖದ ಮೇಲೆ ಬರೆದುಕೊಂಡಳು. ಎಡಗೆನ್ನೆಗೆ ನೀಲಿ ಏಣಿ, ಬಲಗೆನ್ನೆಗೆ ಕೆಂಪು ಸಿಡಿಲು, ಹಣೆಯ ಮೇಲೆ ಏನೋ ಒಂದು. ಬರೆದುಕೊಂಡು ಸಂತೆಗೆ ಹೋಗಿ, ಏನೂ ಆಗದವಳ ಹಾಗೆ ಕೋಸು ಆರಿಸತೊಡಗಿದಳು.

ಕೇಳುವವನು ತೋಳದ ಕೋಟು ಹಾರಿಸಿಕೊಂಡು ಓಡಿ ಬಂದ. "ಇದು ಏನು?"

"ಕೋಸು," ಅಂದಳು.

"ಮುಖದ ಮೇಲಿನದು!"

"ಓ, ಅದಾ? ನೋಡಿ."

ಸಂತೆಯೆಲ್ಲ ನೋಡಿತು. ಬಡಗಿಯೂ ಸುತ್ತಿಗೆ ಹಿಡಿದುಕೊಂಡು ಬಂದಿದ್ದ. ಬಂದವನು ಅವಳ ಮುಖ ನೋಡಿದ, ಮೊಳೆ ನೋಡಿದ, "ಯಜಮಾನ್ರೇ, ಇದನ್ನ ಎಲ್ಲಿಗೆ ಅಂತ ಹೊಡೀಲಿ?" ಅಂದ. ಸಂತೆ ಬಿದ್ದು ಬಿದ್ದು ನಕ್ಕಿತು. ಕೋಸಿನವಳು ನಗುತ್ತಾ ನಗುತ್ತಾ ತಕ್ಕಡಿಯ ಮೇಲೆ ಕೂತುಬಿಟ್ಟಳು.

ಕೇಳುವವನಿಗೆ ಇಡೀ ಜೀವನದಲ್ಲಿ ಜನ ಹೌದು ಅದೇ ಅಂದು ಗೊತ್ತಿತ್ತೇ ಹೊರತು ತನ್ನನ್ನು ನೋಡಿ ನಕ್ಕು ಗೊತ್ತಿರಲಿಲ್ಲ. ಅವನ ಮುಖ ಅವಳ ಬಲಗೆನ್ನೆಗಿಂತ ಕೆಂಪಾಯಿತು.

"ಇನ್ನು ಒಂದೇ ಸಲ ಕೇಳ್ತೀನಿ. ಬರುವ ಕೇಳುವ ದಿನ. ಹೆಸರು ಹೇಳಿದರೆ ಸರಿ. ಹೇಳದಿದ್ದರೆ ಇವಳ ಎರಡೂ ಕೈಗೆ ಉಣ್ಣೆಯ ಗವುಸು ಹಾಕಿ, ಮಣಿಕಟ್ಟಿನ ಹತ್ತಿರ ಹೊಲಿದುಬಿಡಿ. ಸಾಯುವ ತನಕ ಬಿಚ್ಚಬಾರದು."

ಆ ಊರಿನ ಗವುಸಿಗೆ ಬೆರಳುಗಳಿರಲಿಲ್ಲ. ಚೀಲದ ಹಾಗೆ, ನಾಲ್ಕು ಬೆರಳೂ ಒಂದೇ ಕೋಣೆಯಲ್ಲಿ. ಅದನ್ನು ಹಾಕಿಕೊಂಡು ಸೌದೆ ಎತ್ತಬಹುದು, ಕುಂಚ ಹಿಡಿಯಲಾಗದು. ಸಂತೆ ನಗುವುದನ್ನು ನಿಲ್ಲಿಸಿತು. ಅವಳು ತನ್ನ ಕೈ ನೋಡಿಕೊಂಡಳು. ಆಮೇಲೆ ಕೋಸು ತೆಗೆದುಕೊಂಡು ಮನೆಗೆ ಹೋದಳು. ಆವತ್ತು ಶಿಳ್ಳೆ ಕೇಳಿಸಲಿಲ್ಲ.

ಈಗ ಸ್ವಲ್ಪ ಮನೆಗಳೊಳಗೆ ಇಣುಕೋಣ ಬನ್ನಿ. ಇಣುಕುವುದು ತಪ್ಪು ಅಂತೀರಾ? ಕಥೆಯಲ್ಲಿ ನಡೆಯುತ್ತೆ.

ರೊಟ್ಟಿಯವಳ ಅಡುಗೆಮನೆ. ಹೊರಗೆ ಬಿಳಿ, ಬಿಳಿ, ಬಿಳಿ. ಒಳಗೆ ಒಲೆಯ ಬೆಳಕು ಹೋಗಿ ಕಿಟಕಿಯ ಹಲಗೆಗೆ ಬೀಳುತ್ತೆ. ಕೆಂಪು ಮೂಲೆ ನಡೆದು ಬರುತ್ತೆ, ಹಳದಿ ಜಾರುತ್ತೇನೆ ಅನ್ನುತ್ತೆ, ಜಾರುವುದಿಲ್ಲ. ಹಿಟ್ಟು ನಾದುತ್ತಾ ರೊಟ್ಟಿಯವಳು ಅದನ್ನೇ ನೋಡುತ್ತಾಳೆ. ಮೊದಲ ವರ್ಷ ಅದಕ್ಕೆ ಬೆನ್ನು ಹಾಕಿ ನಾದಿದಳು. ಎರಡನೆಯ ವರ್ಷ ಪಕ್ಕಕ್ಕೆ ತಿರುಗಿದಳು. ಈಗ ಹಿಟ್ಟಿನ ಮಣೆಯನ್ನೇ ಅದರ ಮುಂದೆ ಎಳೆದುಕೊಂಡಿದ್ದಾಳೆ. ಅವಳ ಮಗಳಿಗೆ ಜ್ವರ ಬಂದಾಗ ಹಾಸಿಗೆಯನ್ನು ಅಲ್ಲೇ ಹಾಸು ಅಂತ ಮಗು ಹಟ ಹಿಡಿದಿತ್ತು. "ಅಮ್ಮಾ, ಹಳದಿ ಇವತ್ತು ಸ್ವಲ್ಪ ಮುಂದೆ ಬಂದಿದೆ," ಅನ್ನುತ್ತಿತ್ತು. "ಹೌದಾ ಪುಟ್ಟಾ, ಎಲ್ಲಿ?" ಅಂತ ಇವಳೂ ಬಗ್ಗಿ ನೋಡುತ್ತಿದ್ದಳು.

ಬಡಗಿಯ ಮನೆಯಲ್ಲೂ ಒಂದು. ಕೋಸಿನವಳ ಮನೆಯಲ್ಲಿ ಒಂದು. ಕುದುರೆಯವನ ಮನೆಯಲ್ಲಿ, ಪಾಪ, ಎರಡು. ಚಳಿಗಾಲವಿಡೀ ಹಿಮದೊಳಗೆ ಹೂತ ಮನೆಯಲ್ಲಿ ಕೂತವರಿಗೆ ನೋಡಲು ಬೇರೇನಿತ್ತು ಹೇಳಿ. ಸಾರು ಕುಡಿಯುತ್ತಾ ನೋಡಿದರು, ಜಗಳವಾಡುತ್ತಾ ನೋಡಿದರು, ಜಗಳ ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಲಾರದೆ ಅದನ್ನೇ ನೋಡಿದರು. ಆದರೆ ಯಾರೂ ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಹೆಸರಿಲ್ಲದ್ದನ್ನು ಮಾತಿನಲ್ಲಿ ಎತ್ತಿಕೊಳ್ಳುವುದು ಎಲ್ಲಿಂದ? ಪ್ರತಿ ಮನೆಯವರೂ ಇದು ನಮಗೊಬ್ಬರಿಗೇ ಹಿಡಿದ ಹುಚ್ಚು ಅಂದುಕೊಂಡು ಬಾಗಿಲು ಹಾಕಿಕೊಂಡರು.

ಆ ವರ್ಷ ನದಿ ಬೇಗ ಹೆಪ್ಪುಗಟ್ಟಿತು. ಗಂಟೆ ಹೊಡೆಯಿತು.

ಊರು ನದಿಯ ಮೇಲೆ ನಿಂತಿತು. ಕೇಳುವವನು ನಿಂತ. ಬಡಗಿ ಸುತ್ತಿಗೆ ಹಿಡಿದು ನಿಂತ. ಹೊಸದಾಗಿ ಹೊಲಿಗೆಯವಳೂ ನಿಂತಿದ್ದಳು, ಕಂಕುಳಲ್ಲಿ ಬೂದು ಬಣ್ಣದ ಒಂದು ಜೊತೆ ಗವುಸು, ತುಟಿಯ ನಡುವೆ ಸೂಜಿ. ಕುದುರೆ, ಹೌದು ಅದೇ. ಮೀನು, ಹೌದು ಅದೇ.

ಕೊನೆಗೆ ಅವಳು ಬಂದಳು. ತಲೆಯಲ್ಲಿ ಹಿಮ ಯಾವುದು, ನರೆ ಯಾವುದು ತಿಳಿಯುತ್ತಿರಲಿಲ್ಲ. ಅಂಗಡಿಯವರು ಹಲಗೆ ಕೊಡದ್ದಕ್ಕೆ ತನ್ನ ಮನೆಯ ಬಾಗಿಲನ್ನೇ ಕಿತ್ತು ಅದರ ಮೇಲೆ ಬರೆದಿದ್ದಳು. ಅವಳ ಮುದಿ ತಾಯಿ ಒಂದು ತುದಿ ಹಿಡಿದಿದ್ದಳು. ಇಬ್ಬರೂ ಸೇರಿ ಬಾಗಿಲನ್ನು ಎತ್ತಿ ನಿಲ್ಲಿಸಿದರು. ಅಷ್ಟು ದೊಡ್ಡ ಕೆಂಪನ್ನು ಆ ಊರು ಯಾವತ್ತೂ ಕಂಡಿರಲಿಲ್ಲ.

"ಇದು ಏನು?"

"ನೋಡಿ."

"ಕೊನೆಯ ಸಲ. ಇದು ಏನು?"

ತಾಯಿ ಮಗಳ ಕಡೆ ತಿರುಗಿದಳು. ತುಟಿ ಹಸು ಅನ್ನುವ ಹಾಗೆ ಅಲುಗಿತು. ಆಮೇಲೆ ಆ ಮುದುಕಿ ಗಟ್ಟಿಯಾಗಿ ಊರಿಗೆಲ್ಲ ಕೇಳುವ ಹಾಗೆ ಅಂದಳು: "ಕಿವಿ ಕೇಳಿಸಲ್ವೇನೋ ನಿನಗೆ? ನೋಡು ಅಂದಳಲ್ಲ!"

ಕೇಳುವವನು ಕೈ ಎತ್ತಿದ. ಹೊಲಿಗೆಯವಳು ಬಂದು ಮಗಳ ಎಡಗೈಗೆ ಗವುಸು ತೊಡಿಸಿದಳು. ಸೂಜಿಗೆ ದಾರ ಹಾಕಿದಳು.

"ತಡಿ, ತಡಿ, ತಡಿಯೇ," ಅಂತ ಯಾರೋ ಅಂದರು. ರೊಟ್ಟಿಯವಳು. ನಾನೇ ಅಂದೆನಾ ಅಂತ ತನಗೇ ಭಯವಾಗಿ ಬಾಯಿಗೆ ಕೈ ಹಿಡಿದಳು. ಆಮೇಲೆ ಕೈ ತೆಗೆದಳು. "ಅದು ಏನು ಅಂತ ನನಗೆ ಗೊತ್ತು. ಅದು ಕಿಟಕಿ."

"ಏನಂದೆ?"

"ಕಿಟಕಿ ಕಣ್ರೀ. ನಮ್ಮ ಅಡುಗೆಮನೆಯಲ್ಲಿ ಇದೆ. ಮನೆಯಲ್ಲಿರೋ ಗಾಜಿನ ಕಿಟಕಿಯಿಂದ ಬರೀ ಹಿಮ ಕಾಣುತ್ತೆ. ಇದರಿಂದ... ಇದರಿಂದ ಬಹಳ ಕಾಣುತ್ತೆ."

"ಸುಳ್ಳು," ಅಂದಳು ಕೋಸಿನವಳು. "ಕಿಟಕಿ ಇರೋದು ನಮ್ಮನೇಲಿ. ಹಸಿರು ಗೀಟಿಂದು."

"ನಿಮ್ಮನೇಲೂ ಇದೆಯಾ?"

"ನಿಮ್ಮನೇಲೂ?"

"ನಮ್ಮನೇಲಿ ಎರಡಿವೆ," ಅಂದ ಕುದುರೆಯವನು, ಬೂಟು ನೋಡಿಕೊಳ್ಳುತ್ತಾ. "ಚಕ್ರದ್ದನ್ನ ನೋಡದೆ ನನಗೆ ನಿದ್ದೆ ಬರಲ್ಲ."

ಆಮೇಲೆ ಆದದ್ದನ್ನು ಏನು ಹೇಳಲಿ! ಊರಿಗೆ ಊರೇ ಮನೆಗಳ ಕಡೆ ಓಡಿತು. ಕೊಡಲಿ ಸಿಕ್ಕವರು ಕೊಡಲಿಯಿಂದ, ಸೌಟು ಸಿಕ್ಕವರು ಸೌಟಿನಿಂದ ಕಿಟಕಿಯ ಹಲಗೆ ಕಿತ್ತರು. ಬಡಗಿ ತಾನು ಹೊಡೆದ ಮೊಳೆಗಳನ್ನು ತಾನೇ ಕೀಳುತ್ತಾ, "ಛೆ, ಎಷ್ಟು ಗಟ್ಟಿ ಹೊಡೆದಿದ್ದೀನಿ ನಾನು!" ಅಂತ ಬೈದುಕೊಂಡ. ಚಳಿ ಮನೆಯೊಳಕ್ಕೆ ನುಗ್ಗಿತು, ಯಾರೂ ತಿರುಗಿ ನೋಡಲಿಲ್ಲ. ಹಲಗೆಗಳನ್ನು ತಲೆಯ ಮೇಲೆ ಹೊತ್ತು ನದಿಗೆ ವಾಪಸ್ಸು ಬಂದರು. ಬಿಳಿ ನದಿಯ ಮೇಲೆ ಕೆಂಪು ಬಂತು, ಕಪ್ಪು ಬಂತು, ಹಸಿರು ಬಂತು. ಹಳದಿ ರೊಟ್ಟಿಯವಳ ಮಗಳ ತಲೆಯ ಮೇಲೆ ಕೂತು ಬಂತು. ಅವನ್ನೆಲ್ಲ ಬರೆದವಳ ಇಡೀ ಜೀವನ ಆ ದಡದಿಂದ ಈ ದಡದ ತನಕ ನಿಂತಿತು, ಒಂದೂ ಬೆನ್ನು ತಿರುಗಿಸದೆ.

ಕೊನೆಯಲ್ಲಿ ಒಬ್ಬಳು ಹೆಂಗಸು ಏದುಸಿರು ಬಿಡುತ್ತಾ ಬಂದಳು. ಕೇಳುವವನ ಹೆಂಡತಿ. ಅವಳ ತಲೆಯ ಮೇಲೂ ಒಂದು ಹಲಗೆ. ಗಂಡನ ಮುಂದೆ ಧೊಪ್ಪನೆ ಇಳಿಸಿದಳು.

"ಈಗ ಕೇಳು, ಇದು ಏನು ಅಂತ. ದಿನಾ ಇದರ ಮುಂದೆ ಕೂತು ಸಾರು ಕುಡೀತೀಯ. ಕುಡಿದು ಮುಗಿದ ಮೇಲೂ ಏಳಲ್ಲ. ಖಾಲಿ ಬಟ್ಟಲಿಗೆ ಚಮಚ ಹಾಕ್ತಾ ಕೂತಿರ್ತೀಯ. ನಾನು ನೋಡಿಲ್ಲ ಅಂದುಕೊಂಡೆಯಾ? ಕೇಳು!"

ಕೇಳುವವನು ಬಾಯಿ ತೆರೆದ. ಆ ಬಾಯಿಂದ ಯಾವತ್ತೂ ಬರುತ್ತಿದ್ದ ಮಾತು ಬರಲಿಲ್ಲ. ಹಲಗೆ ನೋಡಿದ, ಬಾಗಿಲು ನೋಡಿದ, ನದಿ ನೋಡಿದ. ನೋಡುತ್ತಲೇ ಇದ್ದ. ತೋಳದ ಕೋಟಿನೊಳಗೆ ಅವನು ಬಹಳ ಸಣ್ಣ ಮನುಷ್ಯ ಅಂತ ಊರಿಗೆ ಗೊತ್ತಾಗಿದ್ದು ಅವತ್ತೇ.

"ಕಿಟಕಿ," ಅಂದ ಮೆಲ್ಲಗೆ.

"ಹೌದು! ಅದೇ!" ಅಂದಿತು ಊರು. ಅಷ್ಟು ಜೋರಾಗಿ ಅಂದಿತೆಂದರೆ ಗೋಪುರಗಳ ಮೇಲಿನ ಹಿಮವೆಲ್ಲ ಜಾರಿ ಬಿತ್ತು.

ಚಿತ್ರ ಬರೆದವಳು ಏನು ಮಾಡಿದಳು ಅಂದರೆ, ಮೊದಲು ತಾಯಿಯನ್ನು ನೋಡಿ ನಕ್ಕಳು. ತಾಯಿ ಆಗಲೇ ಬಾಗಿಲಿನ ಕೆಳಗೆ ನಿಂತು ಜೇಬಿನಿಂದ ಕಡಲೆ ತೆಗೆಯುತ್ತಿದ್ದಳು. ಆಮೇಲೆ ಬಲಗೈಯಿಂದ ಸೊಂಟಕ್ಕೆ ಸಿಕ್ಕಿಸಿದ್ದ, ಕೆಂಪು ಇನ್ನೂ ಆರದ ಕುಂಚ ಎಳೆದು, ಎಡಗೈಯ ಬೂದು ಗವುಸಿನ ಮೇಲೆ, ಎಲ್ಲರೂ ನೋಡುತ್ತಿರುವಾಗಲೇ, ಒಂದು ಕೆಂಪು ಗೆರೆ ಎಳೆದಳು. ಚೆನ್ನಾಗಿ ಬಂತು. ಪಕ್ಕದಲ್ಲಿ ಇನ್ನೊಂದು ಎಳೆದಳು. ಹೊಲಿಗೆಯವಳು ಬಾಯಲ್ಲಿದ್ದ ದಾರವನ್ನು ಉಗಿದು, "ಅಕ್ಕಾ, ಇನ್ನೊಂದು ಗವುಸೂ ಇದೆ, ಅದಕ್ಕೂ ಹಾಕಿಕೊಡು, ನಾನು ಹಾಕ್ಕೋತೀನಿ," ಅಂದಳು.

ಕಥೆ ಮುಗಿಯಿತು. ಆದರೆ ಒಂದು ವಿಷಯ ಹೇಳದೆ ಹೋದರೆ ನನ್ನ ಹೊಟ್ಟೆ ಉಬ್ಬುತ್ತೆ. ಹೊಲಿಗೆಯವಳು ಸೂಜಿಗೆ ದಾರ ಹಾಕಿದಳಲ್ಲ, ಅಲ್ಲಿಯ ತನಕದ್ದು ನಾನು ಕೇಳಿದ ಕಥೆ. ನನಗೆ ಹೇಳಿದವರು ಅಲ್ಲಿಗೆ ನಿಲ್ಲಿಸಿ, ಪಂಚೆ ಕೊಡವಿಕೊಂಡು ಎದ್ದುಹೋದರು. ಮುಂದೇನಾಯಿತು ಅಂತ ಹಿಂದೆ ಹಿಂದೆ ಓಡಿದರೂ ಹೇಳಲಿಲ್ಲ, ಮುಖ ಮಾತ್ರ ಒಂಥರಾ ಮಾಡಿದರು. ಆಮೇಲಿನ ಓಟ, ಕೊಡಲಿ, ಸೌಟು, ಕಿಟಕಿ, ಹೌದು ಅದೇ, ಎಲ್ಲಾ ನಾನೇ ಕಟ್ಟಿದ್ದು. ಸುಳ್ಳು ಅಂತ ಬೈಯುವುದಿದ್ದರೆ ಬೈಯಿರಿ. ನದಿಯ ಮೇಲೆ ಆ ಹೆಂಗಸು ಕೈ ಮುಂದೆ ಚಾಚಿಕೊಂಡು ನಿಂತಿದ್ದಳು, ಸೂಜಿ ಹತ್ತಿರ ಬರುತ್ತಿತ್ತು, ಕಥೆ ನನ್ನ ಕೈಗೆ ಬಂದಿತ್ತು. ನಾನು ಹೊಲಿಯೋಕೆ ಬಿಡಲಿಲ್ಲ.